ಕಿವಿಗೆ ಕಾಣುವ ಸಂಸಾರ: ಗರ್ಟ್ರೂಡ್ ಬರ್ಗ್

ರೇಡಿಯೋ ನಾಟಕದಲ್ಲಿ ಪರದೆಯಿಲ್ಲ, ಬಣ್ಣವಿಲ್ಲ. ಒಲೆ, ಬಾಗಿಲು, ನೆರೆಯವರನ್ನು ಕೂಗುವ ಹೆಂಗಸು ಎಲ್ಲವೂ ಕಿವಿಗೇ ಕಾಣಬೇಕು. ಟೆಲಿವಿಷನ್ ಬರುವ ಮುಂಚೆ ಅಮೆರಿಕದ ಮನೆಗಳಲ್ಲಿ ಹೀಗೊಂದು ಸಂಸಾರವನ್ನು ವರ್ಷಗಟ್ಟಲೆ ನಡೆಸಿದವರು ಗರ್ಟ್ರೂಡ್ ಬರ್ಗ್.

ಇವರು 1899ರ ಅಕ್ಟೋಬರ್ 3ರಂದು ನ್ಯೂಯಾರ್ಕ್ ನಗರದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದರು. ತಂದೆ ಜೇಕಬ್ ಎಡೆಲ್‌ಸ್ಟೀನ್ ಕ್ಯಾಟ್ಸ್‌ಕಿಲ್ ಬೆಟ್ಟಗಳ ಫ್ಲೈಷ್‌ಮನ್ಸ್ ಎಂಬ ಊರಿನಲ್ಲಿ ಹೋಟೆಲು ಇಟ್ಟಿದ್ದರು. ಮಳೆ ಹಿಡಿದ ದಿನ ಬೇಸರಪಟ್ಟ ಅತಿಥಿಗಳನ್ನು ನಗಿಸಲು ಮಗಳು ಪ್ರಹಸನ ಬರೆದು ಆಡಿಸುತ್ತಿದ್ದಳು. ಅವರ ನಾಟಕಶಾಲೆ ಅದೇ. 1918ರಲ್ಲಿ ಇಂಜಿನಿಯರ್ ಲೂಯಿಸ್ ಬರ್ಗ್ ಅವರೊಡನೆ ಮದುವೆಯಾಯಿತು, ಇಬ್ಬರು ಮಕ್ಕಳಾದರು.

ಷೇರುಪೇಟೆ ಕುಸಿದು ಜನ ಕಂಗಾಲಾಗಿದ್ದ 1929ರ ನವೆಂಬರ್ 20ರಂದು ಎನ್‌ಬಿಸಿ ರೇಡಿಯೋದಲ್ಲಿ ಅವರ ಗೋಲ್ಡ್‌ಬರ್ಗ್ ಕುಟುಂಬದ ಕಥೆ ಆರಂಭವಾಯಿತು. ಬಟ್ಟೆ ವ್ಯಾಪಾರದ ಜೇಕ್, ಹೆಂಡತಿ ಮೋಲಿ, ಮಕ್ಕಳು ಸ್ಯಾಮಿ ಮತ್ತು ರೋಸಲಿ, ಜೊತೆಗೆ ಡೇವಿಡ್ ಚಿಕ್ಕಪ್ಪ. ಬರೆಯುವವರು, ಆಡಿಸುವವರು, ಮೋಲಿಯಾಗಿ ಮಾತನಾಡುವವರು ಎಲ್ಲ ಬರ್ಗ್ ಅವರೇ. ಇಂಗ್ಲಿಷನ್ನು ತನ್ನದೇ ರೀತಿಯಲ್ಲಿ ತಿರುಚುವ ಮೋಲಿ ಕಿಟಕಿಯಿಂದ ಬಗ್ಗಿ ನೆರೆಮನೆಯಾಕೆಯನ್ನು ಕೂಗಿದರೆ ಕೇಳುಗರಿಗೆ ನಗು. ಆದರೆ ಆ ನಗುವಿನ ಹಿಂದಿನ ದುಡಿಮೆ ಸಣ್ಣದಲ್ಲ. ಮೊಟ್ಟೆ ಒಡೆಯುವ ಸನ್ನಿವೇಶವಿದ್ದರೆ ಸ್ಟುಡಿಯೋದಲ್ಲಿ ನಿಜವಾದ ಮೊಟ್ಟೆಯನ್ನೇ ಒಡೆಯಬೇಕು. ರೋಸಲಿಗೆ ತಲೆಸ್ನಾನವಾದರೆ ಆ ನಟಿಯ ತಲೆ ನಿಜಕ್ಕೂ ತೊಯ್ಯಬೇಕು! ಶಾಲಾ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸಿದವರಿಗೆ ಈ ಹಟ ಅರ್ಥವಾದೀತು.

1939ರಲ್ಲಿ, ಹಿಟ್ಲರನ ಜರ್ಮನಿಯಲ್ಲಿ ಯಹೂದಿಗಳ ಬದುಕು ನರಕವಾಗಿದ್ದಾಗ, ಅವರು ಪಾಸೋವರ್ ಹಬ್ಬದ ಕಂತೊಂದನ್ನು ಬರೆದರು. ಹಬ್ಬದ ಪಂಕ್ತಿಯ ನಡುವೆ ಕಿಟಕಿಯ ಗಾಜು ಒಡೆದು ಕಲ್ಲೊಂದು ಒಳಗೆ ಬೀಳುತ್ತದೆ. ಮೋಲಿ ಬೆದರಿದ ಮಕ್ಕಳನ್ನು ಸಮಾಧಾನಪಡಿಸಿ ಪೂಜೆ ಮುಂದುವರಿಸಲು ಹೇಳುತ್ತಾಳೆ. ಹಾಸ್ಯದ ಕಾರ್ಯಕ್ರಮದಲ್ಲಿ ಇಷ್ಟು ಹೇಳಲು ಎದೆಗಾರಿಕೆ ಬೇಕಿತ್ತು.

1949ರಲ್ಲಿ ಗೋಲ್ಡ್‌ಬರ್ಗ್ ಮನೆ ಟೆಲಿವಿಷನ್ನಿಗೆ ಬಂತು. 1950ರ ಸಾಲಿನ ಅತ್ಯುತ್ತಮ ನಟಿ ಎಂದು ಬರ್ಗ್ ಅವರಿಗೆ ಎಮ್ಮಿ ಪ್ರಶಸ್ತಿಯೂ ದೊರೆಯಿತು. ಜೇಕ್ ಪಾತ್ರ ಫಿಲಿಪ್ ಲೋಬ್ ಅವರದು. ಅದೇ 1950ರಲ್ಲಿ ಕಮ್ಯುನಿಸ್ಟರೆಂದು ಕಲಾವಿದರನ್ನು ದೂರಿದ ಪುಸ್ತಕವೊಂದರಲ್ಲಿ ಅವರ ಹೆಸರು ಬಂತು. ಲೋಬ್ ಆರೋಪವನ್ನು ಅಲ್ಲಗಳೆದರು. ಪ್ರಾಯೋಜಕರು ಅವರನ್ನು ತೆಗೆಯಿರಿ ಎಂದರು, ಬರ್ಗ್ ಒಪ್ಪಲಿಲ್ಲ. 1951ರಲ್ಲಿ ಕಾರ್ಯಕ್ರಮವೇ ನಿಂತಿತು. ಅದನ್ನೇ ನಂಬಿದ್ದ ಉಳಿದ ಕಲಾವಿದರ ಗತಿಯೇನು? ಕೊನೆಗೆ ಲೋಬ್ ಪರಿಹಾರ ಪಡೆದು ಹೊರಬಂದರು. 1952ರಲ್ಲಿ ಕಾರ್ಯಕ್ರಮ ಮರಳಿದಾಗ ಜೇಕ್ ಬೇರೊಬ್ಬರಾಗಿದ್ದರು. ಕೆಲಸ ಸಿಗದೆ ನೊಂದ ಲೋಬ್ 1955ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಬರ್ಗ್ ಇನ್ನೂ ಗಟ್ಟಿಯಾಗಿ ನಿಲ್ಲಬಹುದಿತ್ತೇ? ದೂರದಲ್ಲಿ ಕುಳಿತು ಕೇಳುವುದು ಸುಲಭ. ಒಂದು ವರ್ಷ ನಿಂತವರೂ ಆಗ ಕಡಿಮೆಯೇ.

ಮೋಲಿಯ ಹೆಸರಿನ ಅಡುಗೆ ಪುಸ್ತಕ ಬಂದದ್ದೂ 1955ರಲ್ಲೇ. ಅದಕ್ಕೆ ಕೈಜೋಡಿಸಿದವರು ಮೈರಾ ವಾಲ್ಡೋ. ಮುಂದೆ ರಂಗಭೂಮಿಗೆ ಮರಳಿದ ಬರ್ಗ್ 1959ರಲ್ಲಿ ಟೋನಿ ಪ್ರಶಸ್ತಿ ಪಡೆದರು. 1966ರ ಸೆಪ್ಟೆಂಬರ್ 14ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಮಳೆಯ ದಿನಗಳಲ್ಲಿ ಅತಿಥಿಗಳನ್ನು ನಗಿಸಿದ ಆ ಫ್ಲೈಷ್‌ಮನ್ಸ್ ಊರಿನ ಬಳಿಯ ಸ್ಮಶಾನದಲ್ಲಿಯೇ ಅವರನ್ನು ಮಣ್ಣು ಮಾಡಲಾಯಿತು.