ಡಾ. ಟಿ.ಎಂ.ಎ. ಪೈ (1898–1979): ಕರಾವಳಿಯ ವೈದ್ಯಕೀಯ ಶಿಕ್ಷಣದ ಪ್ರವರ್ತಕರು

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಜನರು ಗಂಭೀರ ಕಾಯಿಲೆ ಅಥವಾ ಅಪಘಾತದ ಸಂದರ್ಭದಲ್ಲಿ ಹೆಚ್ಚಿನ ಚಿಕಿತ್ಸೆಗಾಗಿ ತೆರಳುವ ಸ್ಥಳಗಳಲ್ಲಿ ಮಣಿಪಾಲ ಮತ್ತು ಮಂಗಳೂರು ಪ್ರಮುಖವಾದವು. ಈ ಎರಡೂ ಕಡೆ ವೈದ್ಯಕೀಯ ಕಾಲೇಜು ಶಿಕ್ಷಣಕ್ಕೆ ಬುನಾದಿ ಹಾಕಿದವರು ಡಾ. ತೋನ್ಸೆ ಮಾಧವ ಅನಂತ ಪೈ. ಸಾರ್ವಜನಿಕರ ಮಾಹಿತಿಗಾಗಿ ಇವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಡಾ. ಪೈ ಅವರು 1898ರ ಏಪ್ರಿಲ್ 30ರಂದು ಉಡುಪಿ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದರು. ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ವೈದ್ಯರಾಗಬಯಸುವವರು ದೂರದ ಮದರಾಸಿಗೆ ಹೋಗಬೇಕಾಗಿತ್ತು. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪದವಿ ಪಡೆದ ಇವರು 1925ರ ಹೊತ್ತಿಗೆ ಊರಿಗೆ ಮರಳಿ ವೈದ್ಯವೃತ್ತಿಯನ್ನು ಆರಂಭಿಸಿದರು. ಕಾಯಿಲೆ, ಬಡತನ ಮತ್ತು ಅನಕ್ಷರತೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಔಷಧಿಯೊಂದರಿಂದಲೇ ಜನರ ಆರೋಗ್ಯ ಸುಧಾರಿಸದು ಎಂಬುದು ಇವರ ಮುಂದಿನ ಎಲ್ಲ ಕಾರ್ಯಗಳಿಗೆ ಆಧಾರವಾದ ವಿಚಾರವಾಗಿತ್ತು.

ಸಣ್ಣ ಉಳಿತಾಯದ ಯೋಜನೆ

1925ರಲ್ಲಿ ಸಹೋದರ ಉಪೇಂದ್ರ ಪೈ ಹಾಗೂ ವಾಮನ ಕುಡ್ವ ಅವರೊಡಗೂಡಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸಂಸ್ಥೆಯನ್ನು 8,000 ರೂಪಾಯಿ ಬಂಡವಾಳದೊಂದಿಗೆ ಸ್ಥಾಪಿಸಲಾಯಿತು. ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಇದರ ಉದ್ದೇಶಗಳಲ್ಲೊಂದು. 1928ರಲ್ಲಿ ಜಾರಿಗೆ ಬಂದ ಪಿಗ್ಮಿ ಠೇವಣಿ ಯೋಜನೆಯಲ್ಲಿ ಸಂಗ್ರಾಹಕರು ಪ್ರತಿದಿನ ಮನೆ ಹಾಗೂ ಅಂಗಡಿಗಳಿಗೆ ತೆರಳಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸ್ವೀಕರಿಸುತ್ತಿದ್ದರು. ಈ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 1969ರಲ್ಲಿ ಇದು ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. ಸಣ್ಣ ಮೊತ್ತಗಳನ್ನು ಒಟ್ಟುಗೂಡಿಸಿ ದೊಡ್ಡ ಕಾರ್ಯ ಕೈಗೊಳ್ಳುವ ಅನುಭವ ಡಾ. ಪೈ ಅವರಿಗೆ ಇಲ್ಲಿ ದೊರೆಯಿತು.

ವೈದ್ಯಕೀಯ ಕಾಲೇಜಿನ ಸ್ಥಾಪನೆ

1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯನ್ನೂ, 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜನ್ನೂ ಆರಂಭಿಸಲಾಯಿತು. ಆದರೆ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಒಂದೂ ವೈದ್ಯಕೀಯ ಕಾಲೇಜು ಇರಲಿಲ್ಲ. ಉತ್ತರ ಕನ್ನಡವು 1862ರಿಂದ ಮುಂಬಯಿ ಆಡಳಿತಕ್ಕೆ ಸೇರಿದ್ದ ಕಾರಣ ಕುಮಟಾ, ಹೊನ್ನಾವರದ ವಿದ್ಯಾರ್ಥಿಗಳು ಮುಂಬಯಿಯತ್ತ ನೋಡಬೇಕಾಗಿತ್ತು. ಮಳೆಗಾಲದಲ್ಲಿ ಸಮುದ್ರಯಾನ ನಿಲ್ಲುತ್ತಿತ್ತು. ಸೇತುವೆಗಳಾಗುವ ಮುನ್ನ ನದಿಗಳನ್ನು ದೋಣಿಯಲ್ಲಿ ದಾಟಬೇಕಾಗಿದ್ದುದರಿಂದ ರೋಗಿಗಳ ಪಾಡು ಇನ್ನೂ ಕಠಿಣವಾಗಿತ್ತು.

ಇಂತಹ ಸನ್ನಿವೇಶದಲ್ಲಿ 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಕಾಲೇಜು ಇದ್ದುದು ಮದರಾಸು ರಾಜ್ಯದಲ್ಲಾದರೂ ಆರಂಭದ ವರ್ಷಗಳಲ್ಲಿ ಇದು ಸಂಯೋಜನೆಗೊಂಡಿದ್ದುದು ಅಂದಿನ ಮುಂಬಯಿ ರಾಜ್ಯದ ಧಾರವಾಡದಲ್ಲಿದ್ದ ಕರ್ನಾಟಕ ವಿಶ್ವವಿದ್ಯಾಲಯದೊಂದಿಗೆ. 1956ರ ನವೆಂಬರ್ 1ರಂದು ಉತ್ತರ ಕನ್ನಡ, ದಕ್ಷಿಣ ಕನ್ನಡ ಹಾಗೂ ಧಾರವಾಡ ಒಂದೇ ರಾಜ್ಯದ ವ್ಯಾಪ್ತಿಗೆ ಬಂದವು. ರೋಗಿಗಳಿಲ್ಲದೆ ವೈದ್ಯಕೀಯ ಶಿಕ್ಷಣ ಪೂರ್ಣವಾಗದು. ಮಣಿಪಾಲದಲ್ಲಿ ಆಗ ದೊಡ್ಡ ಆಸ್ಪತ್ರೆ ಇರಲಿಲ್ಲ. ಆದ್ದರಿಂದ ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳಿಗೆ ತರಬೇತಿಯ ವ್ಯವಸ್ಥೆ ಮಾಡಲಾಯಿತು. ಖಾಸಗಿ ಕಾಲೇಜು ಮತ್ತು ಸರ್ಕಾರಿ ಆಸ್ಪತ್ರೆ ಜೊತೆಗೂಡಿದ ಈ ವ್ಯವಸ್ಥೆ ದೇಶದಲ್ಲಿ ಮೊದಲಿನವುಗಳಲ್ಲೊಂದು. 1961ರಲ್ಲಿ ಮಣಿಪಾಲದಲ್ಲಿಯೇ ಕಸ್ತೂರ್ಬಾ ಆಸ್ಪತ್ರೆ ಆರಂಭವಾಯಿತು. 1960ರ ದಶಕದಲ್ಲಿ ಔಷಧ ವಿಜ್ಞಾನ ಹಾಗೂ ದಂತ ವೈದ್ಯಕೀಯ ಕಾಲೇಜುಗಳೂ ಸೇರ್ಪಡೆಯಾದವು.

ಶುಲ್ಕದ ಪ್ರಶ್ನೆ

ಸದರಿ ಕಾಲೇಜು ವಿದ್ಯಾರ್ಥಿಗಳ ಶುಲ್ಕ ಮತ್ತು ವಂತಿಗೆಯನ್ನು ಅವಲಂಬಿಸಿತ್ತು. ಸರ್ಕಾರದ ಹಣಕ್ಕಾಗಿ ಕಾದಿದ್ದರೆ ಕರಾವಳಿಗೆ ಕಾಲೇಜು ಬರಲು ಇನ್ನೂ ಹಲವು ವರ್ಷ ಹಿಡಿಯುತ್ತಿತ್ತು ಎಂಬುದು ಒಂದು ಅಭಿಪ್ರಾಯ. ಹಣವಿಲ್ಲದ ಪ್ರತಿಭಾವಂತರಿಗೆ ಇಂತಹ ಕಾಲೇಜುಗಳ ಬಾಗಿಲು ಮುಚ್ಚುತ್ತದೆ ಎಂಬುದು ಮತ್ತೊಂದು. ಈ ಮಾದರಿಯನ್ನು ಇತರರೂ ಅನುಸರಿಸಿದ ಮೇಲೆ ಪ್ರಶ್ನೆ ತೀವ್ರವಾಯಿತು. ರಾಜ್ಯ ಸರ್ಕಾರವು 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯನ್ನು ತಂದಿತು. ಇವರ ಹೆಸರಿನ ಪ್ರತಿಷ್ಠಾನವೇ ಅರ್ಜಿದಾರರಾಗಿದ್ದ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠವು ತೀರ್ಪು ನೀಡಿ, ಅನುದಾನರಹಿತ ಸಂಸ್ಥೆಗಳ ಆಡಳಿತ ಸ್ವಾತಂತ್ರ್ಯವನ್ನು ಮಾನ್ಯ ಮಾಡಿತು. ಜೊತೆಗೆ ಕ್ಯಾಪಿಟೇಶನ್ ಶುಲ್ಕ ಮತ್ತು ಲಾಭಕೋರತನ ಸಲ್ಲದೆಂದೂ ತಿಳಿಸಿತು.

ಕೊನೆಯ ದಿನಗಳು ಮತ್ತು ನಂತರ

ಭಾರತ ಸರ್ಕಾರವು 1972ರಲ್ಲಿ ಡಾ. ಪೈ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿ ಗೌರವಿಸಿತು. 1979ರ ಮೇ 29ರಂದು ಇವರು ನಿಧನರಾದರು. 1993ರಲ್ಲಿ ಮಣಿಪಾಲದ ಸಂಸ್ಥೆಗಳಿಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. 1999ರಲ್ಲಿ ಫಾದರ್ ಮುಲ್ಲರ್ ಸೇರಿದಂತೆ ಮಂಗಳೂರಿನಲ್ಲಿ ಇನ್ನೂ ಹಲವು ವೈದ್ಯಕೀಯ ಕಾಲೇಜುಗಳು ಆರಂಭವಾದವು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗವು ಕುಮಟಾ, ಹೊನ್ನಾವರ, ಭಟ್ಕಳಗಳನ್ನು ಉಡುಪಿ ಹಾಗೂ ಮಂಗಳೂರಿಗೆ ಜೋಡಿಸಿತು.

ಆದರೂ ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿ.ಮೀ., ಕುಮಟಾದಿಂದ ಸುಮಾರು 150 ಕಿ.ಮೀ. ದೂರವಿದೆ. ಉತ್ತರ ಕನ್ನಡದ ಸರ್ಕಾರಿ ವೈದ್ಯಕೀಯ ಕಾಲೇಜು ಕಾರವಾರದಲ್ಲಿ ಆರಂಭವಾದುದು 2016ರಲ್ಲಿ, ಅಂದರೆ ಮಣಿಪಾಲದ ಕಾಲೇಜಿಗೆ 63 ವರ್ಷ ತುಂಬಿದ ಮೇಲೆ. ಜಿಲ್ಲೆಯಲ್ಲಿ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನರು ಹೋರಾಟ ನಡೆಸಿದ್ದಾರೆ. ಚಿಕಿತ್ಸೆ ಜನರಿಗೆ ಸಮೀಪದಲ್ಲಿರಬೇಕು ಎಂಬ ಡಾ. ಪೈ ಅವರ ಪ್ರಯತ್ನವನ್ನು ಉತ್ತರದ ಈ ತಾಲ್ಲೂಕುಗಳಿಗೂ ವಿಸ್ತರಿಸುವ ಕಾರ್ಯ ಇನ್ನೂ ಬಾಕಿ ಇದೆ.