ಹಿಮದಲ್ಲಿ ನಿಂತ ತಾಳೆ: ರಾಬರ್ಟ್ ಫಾರ್ಚೂನ್ ಕಥೆ

ತಾಳೆ ಮರ ಅಂದ ಕೂಡಲೇ ನಮಗೆ ನೆನಪಾಗೋದು ಬಿಸಿಲು, ಸೆಕೆ, ಕಡಲತೀರ. ತೆಂಗು, ಅಡಿಕೆ, ಈಚಲು, ಬಗನಿ ಎಲ್ಲವೂ ಅದೇ ಕುಟುಂಬದವು, ಎಲ್ಲವೂ ಬೆಚ್ಚಗಿನ ಊರಿನವು. ಆದ್ರೆ ಲಂಡನ್ನಿನ ತೋಟಗಳಲ್ಲಿ, ಕೆನಡಾದ ವ್ಯಾಂಕೂವರ್‌ನ ಇಂಗ್ಲಿಷ್ ಬೇ ದಂಡೆಯಲ್ಲಿ, ಸ್ವಿಟ್ಜರ್‌ಲೆಂಡಿನ ಲುಗಾನೊ ಸರೋವರದ ಪಕ್ಕದಲ್ಲಿ ಒಂದು ಜಾತಿಯ ತಾಳೆ ಬಯಲಲ್ಲೇ ನಿಂತಿರತ್ತೆ. ಗಾಜಿನ ಮನೆ ಇಲ್ಲ, ಹೀಟರ್ ಇಲ್ಲ. ಬೀಸಣಿಗೆಯಂಥ ಎಲೆಗಳ ಮೇಲೆ ಹಿಮ ಬಿದ್ದರೂ ಅದು ಆರಾಮಾಗಿರತ್ತೆ.

ಆ ಮರದ ವೈಜ್ಞಾನಿಕ ಹೆಸರು ಟ್ರಾಕಿಕಾರ್ಪಸ್ ಫಾರ್ಚೂನಿ. ಇಲ್ಲಿ ಫಾರ್ಚೂನ್ ಅಂದ್ರೆ ಅದೃಷ್ಟ ಅಲ್ಲ, ಒಬ್ಬ ಮನುಷ್ಯ. ಚೀನಾದ ಚಹಾ ಗಿಡಗಳನ್ನು ಕದ್ದು ಭಾರತಕ್ಕೆ ಸಾಗಿಸಿದವನು ಅಂತ ಇತಿಹಾಸ ಓದಿದವರಿಗೆ ಅವನು ಗೊತ್ತು. ಚಳಿದೇಶದಲ್ಲಿ ತಾಳೆಯನ್ನು ಗಾಜಿನ ಮನೆಯಿಂದ ಹೊರಗೆ ತಂದವನೂ ಅವನೇ ಅನ್ನೋದು ಅಷ್ಟಾಗಿ ಗೊತ್ತಿಲ್ಲ.

ರಾಬರ್ಟ್ ಫಾರ್ಚೂನ್ ಹುಟ್ಟಿದ್ದು 1812ರಲ್ಲಿ, ಸ್ಕಾಟ್‌ಲೆಂಡಿನ ಬೆರಿಕ್‌ಶೈರ್‌ನಲ್ಲಿ. ಬಡ ಕುಟುಂಬ, ಕಾಲೇಜಿನ ಡಿಗ್ರಿ ಇಲ್ಲ. ತೋಟದ ಕೆಲಸವನ್ನು ಕೈಯಿಂದಲೇ ಕಲಿತ. ಎಡಿನ್‌ಬರ್ಗ್‌ನ ಸಸ್ಯೋದ್ಯಾನದಲ್ಲಿ ದುಡಿದು, ಆಮೇಲೆ ಲಂಡನ್ನಿನ ಹಾರ್ಟಿಕಲ್ಚರಲ್ ಸೊಸೈಟಿಯ ಚಿಸಿಕ್ ತೋಟಕ್ಕೆ ಬಂದ. ಅಲ್ಲಿ ಅವನಿಗೆ ಸಿಕ್ಕ ಜವಾಬ್ದಾರಿ ಗಾಜಿನ ಮನೆಗಳದ್ದು. ಬಿಸಿದೇಶದ ಗಿಡಗಳನ್ನು ಚಳಿದೇಶದಲ್ಲಿ ಹೇಗಾದರೂ ಬದುಕಿಸೋದೇ ಅವನ ದಿನದ ಕೆಲಸ.

1842ರಲ್ಲಿ ಮೊದಲ ಅಫೀಮು ಯುದ್ಧ ಮುಗಿದು ಚೀನಾ ಐದು ಬಂದರುಗಳನ್ನು ಬ್ರಿಟಿಷರಿಗೆ ತೆರೆಯಬೇಕಾಯ್ತು. ಮರುವರ್ಷವೇ ಸೊಸೈಟಿ ಫಾರ್ಚೂನನನ್ನು ಅಲ್ಲಿಗೆ ಕಳಿಸಿತು. ಸಂಬಳ ವರ್ಷಕ್ಕೆ 100 ಪೌಂಡ್. ಕೈಯಲ್ಲಿ ಒಂದು ಉದ್ದ ಪಟ್ಟಿ: ನೀಲಿ ಪಿಯೋನಿ ಹೂ, ಚಕ್ರವರ್ತಿಯ ತೋಟದ ಪೀಚ್ ಹಣ್ಣು, ಹೀಗೆ. ಬಂದೂಕು ಕೊಡೋಕೆ ಸೊಸೈಟಿ ಮೊದಲು ಹಿಂದೆಮುಂದೆ ನೋಡಿತ್ತು. ಕೊನೆಗೆ ಅವನ ಪ್ರಾಣ ಉಳಿಸಿದ್ದೇ ಅದು. ಜ್ವರದಲ್ಲಿ ಹಡಗಿನೊಳಗೆ ಮಲಗಿದ್ದಾಗ ಕಡಲ್ಗಳ್ಳರು ಬಂದರು. ಎದ್ದು ಹೊರಗೆ ಬಂದು, ಅವರು ತೀರಾ ಹತ್ತಿರ ಬರೋವರೆಗೂ ಕಾದು ಗುಂಡು ಹಾರಿಸಿದ.

ಗಿಡ ಹುಡುಕೋದು ಅರ್ಧ ಕೆಲಸ ಅಷ್ಟೇ. ಅದನ್ನು ಜೀವಂತವಾಗಿ ಲಂಡನ್ ಮುಟ್ಟಿಸೋದು ನಿಜವಾದ ತಲೆನೋವು. ತಿಂಗಳುಗಟ್ಟಲೆ ಸಮುದ್ರಯಾನ, ಉಪ್ಪುಗಾಳಿ, ಸಿಹಿನೀರಿಗೆ ಬರ. ಇದಕ್ಕೆ ಉತ್ತರ ಕೊಟ್ಟಿದ್ದು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್. ಮುಚ್ಚಿದ ಬಾಟಲಿಯೊಳಗಿನ ಮಣ್ಣಲ್ಲಿ ಜರಿಗಿಡ ತಾನಾಗಿ ಮೊಳೆತದ್ದನ್ನು ಅವನು ಗಮನಿಸಿದ್ದ. ಅದರಿಂದ ಹುಟ್ಟಿದ್ದೇ ವಾರ್ಡಿಯನ್ ಕೇಸ್: ಗಾಳಿಯಾಡದಂತೆ ಮುಚ್ಚಿದ ಗಾಜು ಮತ್ತು ಮರದ ಪೆಟ್ಟಿಗೆ. ಗಿಡದಿಂದ, ಮಣ್ಣಿನಿಂದ ಆವಿಯಾದ ನೀರು ಗಾಜಿನ ಮೇಲೆ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯತ್ತೆ. ಥರ್ಮೋಡೈನಮಿಕ್ಸ್ ಕ್ಲಾಸಲ್ಲಿ ನಾವು ಬರೆಯೋ ಕ್ಲೋಸ್ಡ್ ಸಿಸ್ಟಮ್ ಇದೇ. ಬೆಳಕು ಮತ್ತು ಶಾಖ ಒಳಗೆ ಬರತ್ತೆ, ನೀರು ಹೊರಗೆ ಹೋಗಲ್ಲ. ಪೆಟ್ಟಿಗೆಯನ್ನು ಡೆಕ್ ಮೇಲೆ ಇಟ್ಟು ಸುಮ್ಮನೆ ಬಿಟ್ಟರಾಯ್ತು.

ಈಗ ತಾಳೆಯ ವಿಷಯಕ್ಕೆ ಬರೋಣ. ಶಾಂಘೈಗೆ ದಕ್ಷಿಣದಲ್ಲಿ ಚೂಷಾನ್ ಅನ್ನೋ ದ್ವೀಪ ಇದೆ, ಈಗ ಅದನ್ನು ಝೌಶಾನ್ ಅಂತಾರೆ. ಮ್ಯಾಪಲ್ಲಿ ನೋಡಿದ್ರೆ ಅದೂ ಈಜಿಪ್ಟಿನ ಕೈರೋ ಕೂಡ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ. ಆದರೆ ಚಳಿಗಾಲದಲ್ಲಿ ಏಷ್ಯಾದ ಒಳನಾಡಿನಿಂದ ಬೀಸೋ ಗಾಳಿಯಿಂದ ಆ ಭಾಗದಲ್ಲಿ ಕೊರೆಯುವ ಚಳಿ, ಕೆಲವೊಮ್ಮೆ ಹಿಮ. ಅಲ್ಲಿನ ಬೆಟ್ಟಗಳಲ್ಲಿ, ಎದುರಿನ ಝೆಜಿಯಾಂಗ್ ಪ್ರಾಂತ್ಯದಲ್ಲಿ ಫಾರ್ಚೂನ್ ಒಂದು ತಾಳೆಯನ್ನು ಮತ್ತೆ ಮತ್ತೆ ನೋಡಿದ. ರೈತರು ಅದನ್ನು ನೆಟ್ಟು ಸಾಕಿದ್ದು ಚಂದಕ್ಕಲ್ಲ, ನಾರಿಗೆ. ಕಾಂಡಕ್ಕೆ ಸುತ್ತಿಕೊಂಡ ಒರಟು ನಾರನ್ನು ಬಿಡಿಸಿ ಹಗ್ಗ ಹೊಸೆಯುತ್ತಿದ್ದರು. ಮಳೆಗೆ ಹೊದೆಯುವ ಮೇಲುಡುಪನ್ನೂ ಅದರಿಂದಲೇ ಮಾಡ್ತಿದ್ದರು. ನಮ್ಮ ಮಲೆನಾಡಿನ ಗೊರಬಿನ ನಾರಿನ ಅಣ್ಣ ಅನ್ನಬಹುದು.

1849ರಲ್ಲಿ ಫಾರ್ಚೂನ್ ಈ ತಾಳೆಯ ಕೆಲವು ಗಿಡಗಳನ್ನು ಲಂಡನ್ನಿನ ಕ್ಯೂ ಉದ್ಯಾನದ ನಿರ್ದೇಶಕ ವಿಲಿಯಂ ಹುಕರ್‌ಗೆ ಕಳಿಸಿದ. ಒಂದನ್ನು ವಿಕ್ಟೋರಿಯಾ ರಾಣಿಯ ಕುಟುಂಬದ ಆಸ್ಬಾರ್ನ್ ತೋಟಕ್ಕೆ ಕೊಡಿ ಅಂತ ಕೇಳಿಕೊಂಡ. ಹಾಗಂತ ಈ ಜಾತಿಯನ್ನು ಯುರೋಪಿಗೆ ಮೊದಲು ತಂದವನು ಅವನಲ್ಲ. 1830ರಲ್ಲೇ ಸೀಬೋಲ್ಟ್ ಜಪಾನಿನಿಂದ ಹಾಲೆಂಡಿಗೆ ತಂದಿದ್ದ. ಆದರೆ ಇದು ಬಯಲಲ್ಲಿ ಬದುಕತ್ತೆ ಅಂತ ಕಣ್ಣಾರೆ ನೋಡಿ ನಂಬಿದವನು ಫಾರ್ಚೂನ್.

ಅದೇ ಕ್ಯೂ ಉದ್ಯಾನದಲ್ಲಿ ಪ್ರಸಿದ್ಧ ಪಾಮ್ ಹೌಸ್ ಮುಗಿದಿದ್ದು 1848ರಲ್ಲಿ, ಅಂದ್ರೆ ಬರೀ ಒಂದು ವರ್ಷ ಮೊದಲು. ಸುಮಾರು 110 ಮೀಟರ್ ಉದ್ದ. ಹಡಗಿನ ತಂತ್ರದಲ್ಲಿ ಬಗ್ಗಿಸಿದ ರಾಟ್ ಐರನ್ ಪಕ್ಕೆಲುಬುಗಳು, ಮೇಲೆಲ್ಲ ಗಾಜು, ನೆಲದಡಿ ಕಲ್ಲಿದ್ದಲ ಬಾಯ್ಲರ್. ಹೊಗೆ ಹೋಗೋಕೆ ಸುರಂಗ, ಸುರಂಗದ ಆ ತುದಿಯಲ್ಲಿ ಗೋಪುರದಂಥ ಚಿಮಣಿ. ತಾಳೆಗಳನ್ನು ಬದುಕಿಸೋಕೆ ಆ ಕಾಲದ ಇಂಜಿನಿಯರಿಂಗ್ ತನ್ನ ಶಕ್ತಿಯನ್ನೆಲ್ಲ ಹಾಕಿತ್ತು. ಚೂಷಾನ್ ತಾಳೆಗೆ ಇದ್ಯಾವುದೂ ಬೇಕಾಗಲಿಲ್ಲ. ಹೊರಗೆ ನೆಟ್ಟರು, ಲಂಡನ್ನಿನ ಚಳಿಗಾಲವನ್ನು ಅದು ತಾಳಿಕೊಂಡಿತು. 1860ರಲ್ಲಿ ಹುಕರ್ ಅದಕ್ಕೆ ಫಾರ್ಚೂನನ ಹೆಸರಿಟ್ಟ.

ಹೇಗೆ ಬದುಕತ್ತೆ? ತೆಂಗು ಬೆಳೆಯೋ ಮನೆಯವರಿಗೆ ಇದು ಬೇಗ ಅರ್ಥ ಆಗತ್ತೆ. ತಾಳೆಯ ಜೀವ ಇರೋದು ಸುಳಿಯಲ್ಲಿ. ಒಂದು ಕಾಂಡಕ್ಕೆ ಒಂದೇ ಸುಳಿ, ಅದು ಸತ್ತರೆ ಮರ ಸತ್ತ ಹಾಗೆ. ಮಾವು, ಬೇವಿನ ಥರ ಪಕ್ಕದಲ್ಲಿ ಇನ್ನೊಂದು ಚಿಗುರು ಬರಲ್ಲ. ತೆಂಗಿಗೆ ಸೊನ್ನೆ ಡಿಗ್ರಿಯೇ ಪ್ರಾಣಸಂಕಟ. ಈ ತಾಳೆಯ ಜೀವಕೋಶಗಳು ಚಳಿಗೆ ಒಗ್ಗಿವೆ, ಜೊತೆಗೆ ಸುಳಿಯ ಸುತ್ತ ನಾರಿನ ದಪ್ಪ ಪದರ ಇದೆ. ಬಲಿತ ಮರ ಸುಮಾರು ಮೈನಸ್ 15 ಡಿಗ್ರಿಯವರೆಗೂ ತಡೆದುಕೊಳ್ಳತ್ತೆ.

ತಾಳೆ ಕಳಿಸಿದ ಆ ವರ್ಷಗಳಲ್ಲಿ ಫಾರ್ಚೂನನ ನಿಜವಾದ ಕೆಲಸ ಬೇರೆಯೇ ಇತ್ತು. 1848ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವನನ್ನು ವರ್ಷಕ್ಕೆ 500 ಪೌಂಡ್‌ಗೆ ನೇಮಿಸಿಕೊಂಡಿತ್ತು. ಹಳೇ ಸಂಬಳದ ಐದು ಪಟ್ಟು! ಕೆಲಸ ಚಹಾ ಗಿಡ, ಬೀಜ ಮತ್ತು ತಯಾರಿಕೆಯ ಗುಟ್ಟನ್ನು ಹಿಮಾಲಯಕ್ಕೆ ಸಾಗಿಸೋದು. ವಿದೇಶಿಯರು ಒಳನಾಡಿಗೆ ಹೋಗುವಂತಿರಲಿಲ್ಲ. ಅವನು ತಲೆ ಬೋಳಿಸಿ, ಹಿಂದೆ ಉದ್ದ ಜಡೆ ಕಟ್ಟಿಸಿಕೊಂಡು, ಚೀನೀ ಉಡುಪು ತೊಟ್ಟು, ದೂರದ ಪ್ರಾಂತ್ಯದವನು ಅಂತ ಹೇಳಿಕೊಂಡು ಓಡಾಡಿದ. ಹಸಿರು ಚಹಾ, ಕಪ್ಪು ಚಹಾ ಎರಡೂ ಒಂದೇ ಗಿಡದ ಎಲೆ, ವ್ಯತ್ಯಾಸ ಇರೋದು ಪ್ರೊಸೆಸಿಂಗ್‌ನಲ್ಲಿ ಅಂತ ಯುರೋಪಿಗೆ ಖಚಿತಪಡಿಸಿದ್ದು ಅವನೇ. ರಫ್ತಾಗೋ ಹಸಿರು ಚಹಾಕ್ಕೆ ಪ್ರಷ್ಯನ್ ಬ್ಲೂ ಬಣ್ಣ, ಜಿಪ್ಸಮ್ ಬೆರೆಸೋದನ್ನೂ ಪತ್ತೆ ಹಚ್ಚಿದ.

ಮೊದಲು ಕಳಿಸಿದ ಗಿಡಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಸತ್ತವು. ಒಣ ಬೀಜಗಳೂ ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ತಿದ್ದವು. ಆಗ ವಾರ್ಡಿಯನ್ ಕೇಸಿನಲ್ಲಿ ಹಿಪ್ಪುನೇರಳೆ ಸಸಿಗಳ ನಡುವಿನ ಮಣ್ಣಲ್ಲೇ ಬೀಜ ಬಿತ್ತಿ ಕಳಿಸಿದ. ಕಲ್ಕತ್ತಾ ಮುಟ್ಟೋ ಹೊತ್ತಿಗೆ ಮೊಳಕೆ ಬಂದಿತ್ತು. 1851ರಲ್ಲಿ ಸಾವಿರಾರು ಸಸಿಗಳ ಜೊತೆ ಚೀನೀ ಚಹಾ ಕೆಲಸಗಾರರನ್ನೂ ಕರೆದುಕೊಂಡು ಭಾರತಕ್ಕೆ ಬಂದ. ಮುಂದಿನ ದಶಕಗಳಲ್ಲಿ ಚಹಾ ವ್ಯಾಪಾರದ ಮೇಲೆ ಚೀನಾಕ್ಕಿದ್ದ ಹಿಡಿತ ತಪ್ಪಿಹೋಯ್ತು. ಅಸ್ಸಾಮಿನ ಬಯಲಲ್ಲಿ ಅಲ್ಲಿಯದೇ ತಳಿ ಗೆದ್ದಿತು, ಡಾರ್ಜಿಲಿಂಗ್ ಬೆಟ್ಟದಲ್ಲಿ ಚೀನಾ ತಳಿ ಇವತ್ತಿಗೂ ಇದೆ.

ಆಮೇಲೆ ಫಾರ್ಚೂನ್ ಅಮೆರಿಕ ಸರ್ಕಾರಕ್ಕೂ ಚಹಾ ಬೀಜ ಕಳಿಸಿದ, ಜಪಾನಿಗೂ ಹೋಗಿಬಂದ. 1862ರ ಹೊತ್ತಿಗೆ ತಿರುಗಾಟ ನಿಲ್ಲಿಸಿ, ಪುಸ್ತಕಗಳ ಮತ್ತು ಗಿಡಗಳ ಸಂಪಾದನೆಯಲ್ಲಿ ನೆಮ್ಮದಿಯಾಗಿ ಬದುಕಿ, 1880ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಆಗ ಅವನಿಗೆ 67 ವರ್ಷ.

ಇವನನ್ನು ನಾವು ಏನಂತ ಕರೆಯೋಣ? ಮಾರುವೇಷ ಹಾಕಿ, ಒಂದು ದೇಶದ ನಿಯಮ ಮುರಿದು ಅದರ ಜೀವನಾಧಾರವನ್ನು ಹೊತ್ತುಕೊಂಡು ಹೋಗಿದ್ದು ಕಳ್ಳತನವೇ. ಈಗ ಇದಕ್ಕೆ ಬಯೋಪೈರಸಿ ಅಂತಾರೆ. ಹಾಗೆಯೇ, ತಾಳೆ ಅಂದ್ರೆ ಬಿಸಿಲಿನ ಮರ ಅಂತ ದೊಡ್ಡ ದೊಡ್ಡ ಪಂಡಿತರು ಲೆಕ್ಕ ಹಾಕಿ ಗಾಜಿನ ಅರಮನೆ ಕಟ್ಟುತ್ತಿದ್ದಾಗ, ಡಿಗ್ರಿ ಇಲ್ಲದ ಈ ತೋಟಗಾರ ಮರ ಎಲ್ಲಿ ನಿಂತಿದೆ, ಅಲ್ಲಿ ಚಳಿ ಎಷ್ಟಿದೆ ಅಂತ ನೋಡಿದ್ದೂ ಸತ್ಯ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳದೆ ನಮಗೆ ಬೇರೆ ದಾರಿ ಕಾಣಲ್ಲ.

ಆ ಮರದ ಕಥೆ ಇನ್ನೂ ಮುಗಿದಿಲ್ಲ. ಸ್ವಿಟ್ಜರ್‌ಲೆಂಡಿನ ಟಿಚಿನೊದಲ್ಲಿ ಚಳಿಗಾಲ ಬೆಚ್ಚಗಾಗ್ತಾ ಬಂದ ಹಾಗೆ ತೋಟದ ತಾಳೆಯ ಬೀಜಗಳನ್ನು ಹಕ್ಕಿಗಳು ಕಾಡಿಗೆ ಒಯ್ದವು. ಅಲ್ಲಿ ಅದು ಹಬ್ಬಿ ಸ್ಥಳೀಯ ಗಿಡಗಳಿಗೆ ಜಾಗ ಇಲ್ಲದಂತಾಗ್ತಿದೆ. 2024ರ ಸೆಪ್ಟೆಂಬರ್‌ನಿಂದ ಆ ದೇಶದಲ್ಲಿ ಈ ತಾಳೆಯ ಮಾರಾಟಕ್ಕೆ ನಿಷೇಧ ಇದೆ. ಝೆಜಿಯಾಂಗಿನ ರೈತರು ನಾರಿಗಾಗಿ ತಲೆಮಾರುಗಳಿಂದ ಸಾಕಿಕೊಂಡು ಬಂದ ಈ ಮರಕ್ಕೆ ಈಗ ನಿಷೇಧದ ಪಟ್ಟಿಯಲ್ಲೂ ಫಾರ್ಚೂನನದೇ ಹೆಸರು.