ದಿವಾನಗಿರಿ ಬಿಟ್ಟ ಮೇಲಿನ ಸರ್ ಎಂ.ವಿ.

ನನ್ನ ಬಿ.ಇ. ಮತ್ತು ಎಂ.ಟೆಕ್. ಪದವಿಪತ್ರಗಳೆರಡರ ಮೇಲೂ ಒಬ್ಬರದೇ ಹೆಸರಿದೆ. ವಿಟಿಯುನಲ್ಲಿ ಓದಿದ ನನ್ನಂಥವರಿಗೆ ವಿಶ್ವೇಶ್ವರಯ್ಯ ಎಂದರೆ ಕಾಲೇಜಿನ ಮುಂದಿನ ಪೇಟ ತೊಟ್ಟ ಪ್ರತಿಮೆ, ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದ ಹಾರ ಮತ್ತು ಕನ್ನಂಬಾಡಿ ಕಟ್ಟೆ. ಅಲ್ಲಿಗೆ ಕಥೆ ಮುಗಿಯಿತು. ಆದರೆ ಅವರು ದಿವಾನಗಿರಿ ಬಿಟ್ಟ ಮೇಲೂ 40 ವರ್ಷಕ್ಕಿಂತ ಹೆಚ್ಚು ಕಾಲ ಬದುಕಿದ್ದರು, ಆ ಕಾಲದ ಬಹುಪಾಲನ್ನು ಕಾರ್ಖಾನೆ, ಬಂಡವಾಳ, ಮಾರುಕಟ್ಟೆಗಳ ನಡುವೆಯೇ ಕಳೆದರು. ಆ ಬದುಕಿನ ಒಂದು ತುದಿ ಭದ್ರಾವತಿಯಲ್ಲಿದೆ. ಇನ್ನೊಂದು ತುದಿ ನಾನಿರುವ ವಿಕ್ರೋಳಿಯ ಪಾರ್ಕ್‌ಸೈಟ್ ಪಕ್ಕದಲ್ಲೇ ಹಾಯುವ ಎಲ್‌ಬಿಎಸ್ ರಸ್ತೆಯಲ್ಲಿ, ಇಲ್ಲಿಂದ ಸ್ವಲ್ಪವೇ ದೂರದ ಕುರ್ಲಾದಲ್ಲಿದೆ.

ಹಾಗೆ ನೋಡಿದರೆ ಅವರೂ ನಮ್ಮಂತೆ ಕೆಲಸ ಹುಡುಕಿ ಈ ಕಡೆ ಬಂದವರೇ. 1860ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬಿ.ಎ. ಮಾಡಿ, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಸುಮಾರು 24 ವರ್ಷ ದುಡಿದರು. ಎಷ್ಟು ದುಡಿದರೂ ಇಲಾಖೆಯ ಅತಿ ಎತ್ತರದ ಕುರ್ಚಿ ಭಾರತೀಯನಿಗೆ ಸಿಗುವುದಿಲ್ಲ ಎಂಬುದು ಸ್ಪಷ್ಟವಾದಾಗ 1908ರಲ್ಲಿ ಹೊರಬಂದರು. ಮರುವರ್ಷ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ. ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾಲಯ, ಗಂಧದೆಣ್ಣೆ ಕಾರ್ಖಾನೆ, ಕನ್ನಡ ಸಾಹಿತ್ಯ ಪರಿಷತ್ತು ಎಲ್ಲವೂ ಮುಂದಿನ ಆರು ವರ್ಷಗಳ ಫಲ.

1918ರಲ್ಲಿ ಅವರು ಆ ಹುದ್ದೆಯನ್ನೂ ಬಿಟ್ಟರು. ಇದರ ಹಿನ್ನೆಲೆಯನ್ನು ನಮ್ಮ ಎಂಜಿನಿಯರುಗಳ ದಿನದ ಭಾಷಣಗಳು ಹೇಳುವುದು ಕಡಿಮೆ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ನ್ಯಾಯವಾದ ಪಾಲು ಸಿಗಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಜಾತಿ ನೋಡಿ ನೌಕರಿ ಕೊಟ್ಟರೆ ದಕ್ಷತೆ ಕುಗ್ಗುತ್ತದೆ ಎಂಬುದು ದಿವಾನರ ನಿಲುವು. ಇಬ್ಬರ ದಾರಿ ಬೇರೆಯಾಯಿತು. ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದ್ದು ಹಿಂದುಳಿದ ವರ್ಗದ ಕೋಟಾದಲ್ಲಿ. ನಮ್ಮ ಮನೆತನದಲ್ಲಿ ಪದವಿ ಕಂಡ ಮೊದಲಿಗ ನಾನು. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ಮಹಾರಾಜರ ಕಡೆ. ಆ ಕೋಟಾದಿಂದ ದಕ್ಕಿದ ಪದವಿಯ ಮೇಲೆ ಅದನ್ನು ಒಪ್ಪದವರ ಹೆಸರಿದೆ ಎಂಬುದು ಬಹಳ ದಿನ ನನ್ನೊಳಗೆ ಮುಳ್ಳಿನಂತೆ ಇತ್ತು. ಅವರ ಮುಂದಿನ ಬದುಕನ್ನು ಓದತೊಡಗಿದ್ದು ಅದೇ ಕಾರಣಕ್ಕೆ.

ದಿವಾನರಾಗಿದ್ದಾಗ ಅವರು ಹಾಕಿಕೊಂಡ ದೊಡ್ಡ ಯೋಜನೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಅದಕ್ಕೇ ಮಲೆನಾಡಿನ ಕಾಡಿನ ಸೌದೆಯಿಂದ ಇದ್ದಿಲು ಮಾಡಿ ಕಬ್ಬಿಣ ಕರಗಿಸುವ ಲೆಕ್ಕ. ಸೌದೆ ಬೇಯಿಸುವಾಗ ಬರುವ ಟಾರು, ಮದ್ಯಸಾರದಂಥ ಉಪ ಉತ್ಪನ್ನಗಳನ್ನೂ ಮಾರುವ ಯೋಚನೆ. ಯುದ್ಧಕಾಲದಲ್ಲಿ ಕಬ್ಬಿಣಕ್ಕೆ ಚಿನ್ನದ ಬೆಲೆಯಿತ್ತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿಕೊಳ್ಳುವ ಹೊತ್ತಿಗೆ ಯುದ್ಧ ಮುಗಿದು ಬೆಲೆ ನೆಲ ಕಚ್ಚಿತ್ತು. ನಷ್ಟ ಬೆಳೆಯಿತು. ಖಜಾನೆ ನುಂಗುವ ಈ ಕಾರ್ಖಾನೆ ಏಕೆ ಎಂಬ ಮಾತು ಎದ್ದಿತು. ಆಗ ಸರ್ಕಾರ ಕರೆ ಕಳಿಸಿದ್ದು ಹಳೆಯ ದಿವಾನರಿಗೇ. ಅವರ ವಯಸ್ಸು 63.

ಯೋಚಿಸಿ ನೋಡಿ. ಒಂದು ಕಾಲದಲ್ಲಿ ಇಡೀ ರಾಜ್ಯದ ಕಡತಗಳಿಗೆ ಸಹಿ ಹಾಕುತ್ತಿದ್ದವರು ಈಗ ಬೇರೊಬ್ಬ ದಿವಾನರ ಸರ್ಕಾರಕ್ಕೆ ಒಂದು ಕಾರ್ಖಾನೆಯ ಲೆಕ್ಕ ಒಪ್ಪಿಸಬೇಕು. ದಿವಾನನ ಆಜ್ಞೆಗೆ ಕಾಲುವೆ ತೋಡುವವರು ಸಿಗಬಹುದು, ಕಬ್ಬಿಣ ಕೊಳ್ಳುವವರು ಸಿಗುವುದಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅವರು ಖರ್ಚಿಗೆ ಕತ್ತರಿ ಹಾಕಿದರು. ಅಮೆರಿಕದಿಂದ ಕರೆಸಿದ್ದ ತಜ್ಞರ ಜಾಗಗಳಿಗೆ ಭಾರತೀಯ ಎಂಜಿನಿಯರುಗಳನ್ನು ತಂದರು. 1929ರಲ್ಲಿ ಅವರು ಹೊರಡುವಾಗ ಕಾರ್ಖಾನೆ ಮುಚ್ಚುವ ಮಾತು ಹಿಂದೆ ಸರಿದಿತ್ತು. ಮುಂದೆ ಅಲ್ಲಿ ಉಕ್ಕು, ಸಿಮೆಂಟ್ ಕೂಡ ತಯಾರಾದವು. ಈ ನಡುವೆ 1927ರಲ್ಲಿ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕ ಮಂಡಳಿ ಸೇರಿ, 1955ರವರೆಗೂ ಅಲ್ಲಿದ್ದರು.

ಎಲ್ಲ ಲೆಕ್ಕವೂ ಗೆಲ್ಲಲಿಲ್ಲ. 1935ರಲ್ಲಿ, 75ರ ವಯಸ್ಸಿನಲ್ಲಿ, ಯುರೋಪ್, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಬಿ.ಜಿ. ಖೇರ್ ಅವರ ಮುಂಬೈ ಸರ್ಕಾರ ನೆರವಿಗೆ ಒಪ್ಪಿತು. 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಮೈಸೂರಿನಲ್ಲಿ ದಿವಾನ ಮಿರ್ಜಾ ಇಸ್ಮಾಯಿಲ್ ಆಸಕ್ತಿ ತೋರಿದರೆ ಬ್ರಿಟಿಷರ ಭಾರತ ಸರ್ಕಾರ ಅಡ್ಡ ಬಂತು. ಕೊನೆಗೆ 1944ರಲ್ಲಿ ವಾಲ್‌ಚಂದ್ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಕಾರ್ಖಾನೆ ಎದ್ದದ್ದು ಕುರ್ಲಾದಲ್ಲಿ. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿ ಎಂದರೆ ಕಣ್ಣ ಮುಂದೆ ಬರುವ ಪದ್ಮಿನಿ ಈ ಕಂಪನಿಯದು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿದಾಗ ಪತ್ರಿಕೆಗಳ ತುಂಬ ನೆನಪುಗಳಿದ್ದವು. ಆ ನೆನಪುಗಳಲ್ಲಿ ಮುದ್ದೇನಹಳ್ಳಿಯ ಎಂಜಿನಿಯರಿಗೂ ಒಂದು ಪಾಲು ಸಲ್ಲಬೇಕಿತ್ತು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹೊಸದನ್ನು ಬಿಡುಗಡೆ ಮಾಡಿದವರಿಗೆ ಚಪ್ಪಾಳೆ, ಬಡ್ತಿ. ಅದು ನಡುರಾತ್ರಿ ಕೈಕೊಟ್ಟಾಗ ಎದ್ದು ಕೂರುವವರು ಸಾಮಾನ್ಯವಾಗಿ ಬೇರೆಯವರು, ಹೆಸರಿಲ್ಲದವರು. ತಾನು ಶುರು ಮಾಡಿದ್ದು ನಷ್ಟದಲ್ಲಿದೆ ಎಂದಾಗ ದೊಡ್ಡ ಪದವಿಯ ನೆನಪನ್ನು ಬದಿಗಿಟ್ಟು ಆರು ವರ್ಷ ಅದರ ಬಳಿಯೇ ನಿಂತವರು ಸರ್ ಎಂ.ವಿ. ಭದ್ರಾವತಿಯಿಂದ ತಮಗೆ ಬರಬೇಕಿದ್ದ ಸಂಭಾವನೆಯನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅದು ಇಂದಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ನನ್ನಂಥ ಮನೆಗಳ ಎಷ್ಟೋ ಹುಡುಗರು ಅಲ್ಲಿ ಡಿಪ್ಲೊಮಾ ಮಾಡಿ ಬದುಕು ಕಟ್ಟಿಕೊಂಡಿದ್ದಾರೆ.

1955ರಲ್ಲಿ ಭಾರತ ರತ್ನ ಬಂತು, 1962ರಲ್ಲಿ ಅವರು ತೀರಿಕೊಂಡರು. ಮಿಲ್ಲರ್ ಸಮಿತಿಯ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ. ಹಾರ ಹಾಕುವವರು ಅದನ್ನು ಮುಚ್ಚಿಡಬೇಕಿಲ್ಲ, ತಕರಾರಿರುವ ನಾವು ಭದ್ರಾವತಿಯನ್ನು ಮರೆಯಬೇಕಿಲ್ಲ. 2023ರಲ್ಲಿ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದಿದ್ದರು. ನೂರು ವರ್ಷದ ಹಿಂದೆಯೂ ಅಲ್ಲಿ ಇದೇ ಮಾತು ಎದ್ದಿತ್ತು. ಆಗ ಅದನ್ನು ಕಟ್ಟಿಸಿದವರೇ ಬಂದು ನಿಂತಿದ್ದರು. ಮುಂದಿನ ಸೆಪ್ಟೆಂಬರ್ 15ರಂದು ಕನ್ನಂಬಾಡಿಯ ಜೊತೆಗೆ ಈ ಒಂದು ಸಂಗತಿಯನ್ನೂ ನೆನಪಿಸಿಕೊಂಡರೆ ಒಳ್ಳೆಯದು.